ತಮ್ಮನ ಓದಿನಿಂದ ನಾನು ಕಲಿತದ್ದು

ನನ್ನ ತಮ್ಮ ದೆಹಲಿಯಲ್ಲಿ ಪ್ರೊಫೆಸರ್. ಇಂಡೋನೇಷ್ಯಾ ದೇಶದ ರಾಜಕೀಯ ಅವನ ವಿಷಯ. ಅಲ್ಲಿಯ ಸರ್ಕಾರ ಕಾನೂನು ಹೇಗೆ ಮಾಡುತ್ತದೆ, ಮಾಡಿದ ಕಾನೂನು ಹಳ್ಳಿಗೆ ಬರುವ ಹೊತ್ತಿಗೆ ಏನಾಗುತ್ತದೆ ಎಂಬುದನ್ನು ಓದಿ ಬರೆಯುವುದೇ ಅವನ ಕೆಲಸ. ಬಸವಕಲ್ಯಾಣದಲ್ಲಿ ಯಾರಾದರೂ ಕೇಳಿದರೆ ನಾನು ‘ದಿಲ್ಲಿಯಾಗ ಮಾಸ್ತರ ಇದಾನ’ ಎಂದು ಮಾತು ಮುಗಿಸುತ್ತೇನೆ. ಹೆಚ್ಚು ಹೇಳಿದರೆ ಅವರಿಗೆ ತಿಳಿಯುವುದಿಲ್ಲ ಎಂದಲ್ಲ. ಹೇಳುತ್ತ ಹೋದರೆ ನನ್ನ ಕತೆಯೂ ಹೊರಗೆ ಬರುತ್ತದೆ. ಅಷ್ಟು ದೂರದ ದೇಶದ ಬಗ್ಗೆ ಅವನು ಕಲಿತದ್ದನ್ನು ನಮ್ಮ ಭಾಗದಲ್ಲಿ ಪೂರ್ತಿಯಾಗಿ ಉಪಯೋಗಿಸಿಕೊಂಡವನು ಒಬ್ಬನೇ. ಆ ಒಬ್ಬ, ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ನಾನು.

ಶಾಲೆ ಬಿಟ್ಟದ್ದು ೧೯೫೬ರಲ್ಲಿ. ಅಲ್ಲಿಯವರೆಗೆ ನಾವು ಹೈದರಾಬಾದ್ ರಾಜ್ಯದವರು. ನಾನು ಕಲಿತದ್ದು ಮರಾಠಿಯಲ್ಲಿ, ಜೊತೆಗೆ ಸ್ವಲ್ಪ ಉರ್ದು. ಆ ವರ್ಷ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಶಾಲೆಯ ಪಾಠ ಕನ್ನಡಕ್ಕೆ ತಿರುಗಿತು. ಮನೆಯಲ್ಲಿ ಆಡುವ ಭಾಷೆಯೇ ಆದರೂ ಅದರ ಒಂದಕ್ಷರವೂ ನನಗೆ ಬರೆಯಲು ಬರುತ್ತಿರಲಿಲ್ಲ. ಮಾಸ್ತರರು ನನ್ನನ್ನು ಕರೆದುಕೊಂಡು ಹೋಗಿ ಒಂದನೇ ಇಯತ್ತೆಯಲ್ಲಿ, ಎಂಟು ವರ್ಷದ ನನ್ನ ತಮ್ಮನ ಪಕ್ಕದಲ್ಲಿ ಕೂರಿಸಿದರು. ನನಗೆ ಆಗ ಹನ್ನೆರಡು ದಾಟಿತ್ತು. ಮೂರು ದಿನ ಕೂತೆ. ನಾಲ್ಕನೆಯ ದಿನ ಹೋಗಲಿಲ್ಲ. ಅಪ್ಪ ಹಿಂದಿನ ವರ್ಷ ತೀರಿಕೊಂಡಿದ್ದರಿಂದ ಹೊಲ ನೋಡುವವರು ಬೇಕಾಗಿದ್ದರು. ಅವ್ವ ಏನೂ ಅನ್ನಲಿಲ್ಲ. ಕನ್ನಡ ಅಕ್ಷರವನ್ನು ನಾನು ಆಮೇಲೆ ತಮ್ಮನ ಪುಸ್ತಕಗಳಿಂದಲೇ ಕಲಿತೆ. ಹಾಗೆ ನೋಡಿದರೆ ಅವನಿಂದ ನಾನು ಕಲಿತ ಮೊದಲನೆಯ ಪಾಠ ಅದು.

ನಮ್ಮ ಮನೆ ಬಸವಕಲ್ಯಾಣದಲ್ಲಿ, ಹೊಲ ಹುಮನಾಬಾದಿನ ಆಚೆ ಹುಡಗಿ ಎಂಬ ಊರಿನಲ್ಲಿ. ಆ ಹೊಲವನ್ನು ಅಪ್ಪನ ಕಾಲದಿಂದಲೂ ಒಬ್ಬನೇ ಪಾಲಿಗೆ ಮಾಡುತ್ತಿದ್ದ. ಬೀಜದಲ್ಲಿ ಅರ್ಧ ನಮ್ಮದು, ಬೆಳೆಯಲ್ಲಿ ಅರ್ಧ ನಮ್ಮದು, ದುಡಿಮೆ ಪೂರ್ತಿ ಅವನದು. ಕಾಗದ ಪತ್ರ ಇರಲಿಲ್ಲ. ಹುಡಗಿಯಲ್ಲಿ ಅದು ಯಾರ ಸಾಗುವಳಿ ಎಂದು ಯಾರನ್ನೂ ಕೇಳುವ ಅಗತ್ಯವೂ ಇರಲಿಲ್ಲ. ಎಳ್ಳಮಾವಾಸ್ಯೆಯ ದಿನ ನೋಡಿದರೆ ಸಾಕು. ನಮ್ಮ ಕಡೆ ಆ ದಿನ ಎಲ್ಲರೂ ಹೊಲಕ್ಕೆ ಹೋಗುತ್ತೇವೆ. ಜೋಳದ ದಂಟಿನ ಕೊಂಪೆ ಕಟ್ಟಿ, ಐದು ಕಲ್ಲು ಇಟ್ಟು ಪೂಜೆ ಮಾಡಿ, ಸಜ್ಜೆಯ ರೊಟ್ಟಿ, ಭಜ್ಜಿ, ಅಂಬಲಿ ಎಡೆ ಹಿಡಿದು, ಆಮೇಲೆ ಆ ಎಡೆಯನ್ನು ಬೆಳೆಯ ಮೇಲೆ ಚೆಲ್ಲುತ್ತ ಹೊಲದ ನಾಲ್ಕೂ ಬದುವಿಗೆ ತಿರುಗುತ್ತೇವೆ. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಹೊಲ ಯಾರ ಹೆಸರಿನಲ್ಲಾದರೂ ಇರಲಿ, ಚರಗ ಚೆಲ್ಲುವವನು ಬಿತ್ತಿದವನೇ. ನಮ್ಮ ಹೊಲದಲ್ಲಿ ಅವನು ಚೆಲ್ಲುತ್ತಿದ್ದ. ಅವನ ಹಿಂದೆ ನೀರಿನ ತಂಬಿಗೆ ಹಿಡಿದುಕೊಂಡು ನನ್ನ ತಮ್ಮ ಓಡುತ್ತಿದ್ದ. ಆ ತಂಬಿಗೆಯನ್ನು ಅವನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ತಮ್ಮ ಅವನನ್ನು ಚಿಕ್ಕಪ್ಪನಿಗೆ ಅಂದಂತೆ ಕಾಕಾ ಎನ್ನುತ್ತಿದ್ದ. ನಾವು ಹಾಗೆಲ್ಲ ಕರೆಯುವ ಮನೆಯವರಲ್ಲ. ಅವನ ಓಣಿಯವರು ನಮ್ಮ ಮನೆಯ ಅಂಗಳದಿಂದ ಒಳಗೆ ಬರುತ್ತಿರಲಿಲ್ಲ. ನಾನು ಒಂದೆರಡು ಸಲ ಬೈದೆ. ತಮ್ಮ ಬಿಡಲಿಲ್ಲ. ಹೈಸ್ಕೂಲಿನಲ್ಲಿದ್ದಾಗ ರಜೆಗೆ ಹೊಲಕ್ಕೆ ಹೋಗಿ ಪಾಟಿಯ ಮೇಲೆ ಮೊದಲು ತನ್ನ ಸಹಿ ಹಾಕಿ ತೋರಿಸಿ, ಆಮೇಲೆ ಬಳಪ ಹಿಡಿಸಿ ಅವನಿಗೆ ಸಹಿ ಮಾಡುವುದನ್ನು ಕಲಿಸಿದ. ಅವನಿಗೆ ಬರೆಯಲು ಬರುತ್ತಿದ್ದದ್ದು ಜೀವನದಲ್ಲಿ ಅದೊಂದೇ, ತನ್ನ ಹೆಸರು.

ತಮ್ಮ ಗುಲಬರ್ಗಾದಲ್ಲಿ ಓದಿದ, ಹೈದರಾಬಾದಿನಲ್ಲಿ ಓದಿದ, ದೆಹಲಿಗೆ ಹೋದ. ಅವನ ಕೋಣೆಗೆ ಹೋಗುತ್ತಿದ್ದ ಜೋಳ, ತೊಗರಿಬೇಳೆ ಎಲ್ಲವೂ ಹುಡಗಿಯ ಹೊಲದ್ದೇ. ಚೀಲ ಹೊಲಿದು ಬಸ್ಸಿನ ಮೇಲೆ ಹಾಕುತ್ತಿದ್ದವನೂ ಆ ಪಾಲಿನವನೇ. ದೆಹಲಿಯ ಪ್ರೊಫೆಸರರು ಯಾವ ದೇಶವನ್ನು ಓದುತ್ತೀ ಎಂದು ಕೇಳಿದಾಗ ತಮ್ಮ ಇಂಡೋನೇಷ್ಯಾ ಆರಿಸಿಕೊಂಡಿದ್ದ. ಊರಿಗೆ ಬಂದಾಗ ಪಾಲಿನವನೇ ಅವನನ್ನು ವಿಚಾರಿಸಿದ.

“ಅಲ್ಲಿ ಜ್ವಾಳ ಬೆಳಿತಾರೇನ್ರಿ ಸಣ್ಣ ಸಾವ್ಕಾರ್ರ?”

“ಇಲ್ಲ ಕಾಕಾ, ಭತ್ತ. ವರ್ಷಕ್ಕ ಎರಡು ಬೆಳಿ.”

“ಎರಡು ಬೆಳಿ ಬೆಳ್ಯಾವ್ರಿಗಿ ಏನ್ ತಕಲೀಫ್ ಅದ ಅಂತ ನೀವು ಓದಾಕ ಹೊಂಟೀರಿ?”

“ಎರಡು ಬೆಳಿ ಬಂದರೂ ಉಳಾವ ಉಪವಾಸ. ಅದೇ ಯಾಕ ಅಂತ ನೋಡಾಕ ಹೊಂಟೇನಿ.”

ಪಾಲಿನವನು ನನ್ನ ಕಡೆ ತಿರುಗಿ, “ಅದಕ್ಕ ಹಡಗ ಹತ್ತಬೇಕೇನ್ರಿ ಸಾವ್ಕಾರ್ರ? ನನ್ನ ಕೇಳಿದ್ರ ಇಲ್ಲೇ ಹೇಳ್ತಿದ್ದೆ” ಎಂದ. ಮೂವರೂ ನಕ್ಕೆವು. ಆಗ ಆ ಮಾತು ನಗುವಷ್ಟು ಹಗುರವಾಗಿತ್ತು.

ಮೊದಲ ಸಲ ಅವನು ಆ ದೇಶಕ್ಕೆ ಹೋಗಿ ಒಂದು ವರ್ಷ ಅಲ್ಲಿಯ ಜಾವಾ ದ್ವೀಪದ ಹಳ್ಳಿಗಳಲ್ಲಿದ್ದು ಬಂದದ್ದು ಎಪ್ಪತ್ತರ ದಶಕದ ಆರಂಭದಲ್ಲಿ. ಆ ಬೇಸಿಗೆ ಎರಡು ತಿಂಗಳು ಮನೆಯಲ್ಲಿದ್ದ. ಸಂಜೆ ಕಟ್ಟೆಯ ಮೇಲೆ ಕೂತು ನಾನು ಶೇಂಗಾ ಸುಲಿಯುತ್ತಿದ್ದೆ, ಅವನು ಹೇಳುತ್ತಿದ್ದ. ಅಲ್ಲಿಯೂ ಉಳುವವನಿಗೆ ಭೂಮಿ ಕೊಡಬೇಕು ಎಂದು ಕಾನೂನು ಮಾಡಿದ್ದರಂತೆ. ಪಾಲಿನ ಬೆಳೆಯಲ್ಲಿ ಉಳುವವನಿಗೆ ಇಷ್ಟು ಎಂದು ಕಾಗದದಲ್ಲಿ ಗೊತ್ತು ಮಾಡಿದ್ದರಂತೆ. ಕಾನೂನು ಚೆನ್ನಾಗಿಯೇ ಇತ್ತು, ಹಳ್ಳಿಗೆ ಬರುವಷ್ಟರಲ್ಲಿ ಸತ್ತಿತ್ತು ಎಂದ. ಅದನ್ನು ನಡೆಸಿಕೊಡಿ ಎಂದು ಕೇಳಿದ ಎಷ್ಟೋ ಮಂದಿ ಆಮೇಲಿನ ಗದ್ದಲದಲ್ಲಿ ಸತ್ತೇ ಹೋದರು, ಈಗ ಭೂಮಿ ಎಂಬ ಮಾತು ಎತ್ತಿದರೆ ಜನ ಎದ್ದು ಒಳಗೆ ಹೋಗುತ್ತಾರೆ ಎಂದ.

“ಕಾಯ್ದೆ ಇದ್ದ ಮ್ಯಾಲೆ ಹ್ಯಾಂಗ ತಪ್ಪಿಸ್ತಾರ?” ಎಂದು ನಾನು ಕೇಳಿದೆ.

ಅವನಿಗೆ ಹುರುಪು ಬಂತು. ಅದುವರೆಗೆ ನಾನು ಅವನ ಓದಿನ ಬಗ್ಗೆ ಒಂದು ಮಾತೂ ಕೇಳಿದವನಲ್ಲ. ಒಂದೊಂದಾಗಿ ಹೇಳಿದ. ಪಾಲಿನವನನ್ನು ಒಂದೇ ತುಂಡಿನಲ್ಲಿ ಇರಗೊಡುವುದಿಲ್ಲ, ಈ ವರ್ಷ ಇಲ್ಲಿ, ಮುಂದಿನ ವರ್ಷ ಅಲ್ಲಿ, ಯಾವ ತುಂಡಿನ ಮೇಲೂ ಅವನ ಹೆಸರು ನಿಲ್ಲಬಾರದು. ಪಾಲನ್ನು ಪಾಲು ಎನ್ನದೆ ಕೂಲಿ ಎನ್ನುತ್ತಾರೆ, ಕೂಲಿ ಮುಟ್ಟಿತು ಎಂದು ಗುರುತು ಹಾಕಿಸಿಕೊಳ್ಳುತ್ತಾರೆ. ಉಳಿದ ಭೂಮಿಯನ್ನು ಪಟ್ಟಣದಲ್ಲಿರುವ ತಮ್ಮ, ಅಳಿಯ, ಹೆಂಡತಿ ಇವರ ಹೆಸರಿಗೆ ಹಂಚಿ, ಅವರೇ ಉಳುತ್ತಾರೆ ಎಂದು ಬರೆಸುತ್ತಾರೆ.

“ಊರಾಗಿನ ಜನಕ್ಕ ಗೊತ್ತಿರಂಗಿಲ್ಲೇನು ಯಾರು ಉಳತಾರಂತ?”

“ಗೊತ್ತಿರತದ ಅಣ್ಣಾ. ಕಚೇರಿಗೆ ಗೊತ್ತಿರಂಗಿಲ್ಲ.”

“ಮತ್ತ ಅವ ಹೋಗಿ ಹೇಳಿದರ?”

“ಕಾಗದ ಇವರ ಕಡೆ ಇರತದ. ಅವನ ಕಡೆ ಬಾಯಿ ಇರತದ.”

ನಾನು ದಿನವೂ ಏನಾದರೂ ಕೇಳುತ್ತಿದ್ದೆ. ಹೊಲ ಇದ್ದವನು ಹೇಗೆ ಯೋಚನೆ ಮಾಡುತ್ತಾನೆ ಎಂಬುದು ನನ್ನ ಪ್ರಶ್ನೆಗಳಿಂದ ಅವನಿಗೆ ಗೊತ್ತಾಗುತ್ತಿತ್ತಂತೆ. ಪುಸ್ತಕ ತೆಗೆದು ಬರೆದುಕೊಳ್ಳುತ್ತಿದ್ದ. “ನನ್ನ ಗೈಡ್‌ಕಿಂತ ನೀ ಛಲೋ ಪ್ರಶ್ನಿ ಕೇಳತಿ” ಎಂದು ಒಮ್ಮೆ ಹೇಳಿದ. ಅಣ್ಣನಿಗೆ ಕೊನೆಗೂ ತನ್ನ ಓದು ಹಿಡಿಸಿತು ಎಂದು ಅವನ ಮುಖ ತುಂಬ ಸಂತೋಷ ಇತ್ತು. ನಾನು ಶೇಂಗಾ ಸುಲಿಯುತ್ತಲೇ ಇದ್ದೆ. ನಮ್ಮ ಕಡೆಯೂ ಅಂಥ ಕಾಯ್ದೆ ಬರುತ್ತದೆ ಎಂಬ ಮಾತು ಹುಮನಾಬಾದಿನ ಪೇಟೆಯಲ್ಲಿ ಆಗಲೇ ಓಡಾಡುತ್ತಿತ್ತು. ಅದನ್ನು ನಾನು ಅವನಿಗೆ ಹೇಳಲಿಲ್ಲ.

ಆ ವರ್ಷದ ಮುಂಗಾರಿಗೇ ಶುರು ಮಾಡಿದೆ. ಹುಡಗಿಗೆ ಹೋಗಿ ಪಾಲಿನವನಿಗೆ, ಬೇವಿನ ಗಿಡದ ತುಂಡು ಬಿಡು, ಹಳ್ಳದ ದಂಡೆಯದು ಮಾಡು ಎಂದೆ.

“ಯಾಕ್ರಿ ಸಾವ್ಕಾರ್ರ? ಬೇವಿನ ಗಿಡದ ಹೊಲ ನಮ್ಮಪ್ಪ ಮಾಡ್ಯಾನ, ನಾ ಮಾಡೇನಿ. ಅದರ ಕಲ್ಲು ಯಾವ ಕಡೆ ಅವ ಅಂತ ನನ್ನ ಎತ್ತಿಗೂ ಗೊತ್ತದ.”

“ಹಂಗಂತೇ ಬದಲ್ ಮಾಡು. ಎತ್ತಿಗಿ ಬ್ಯಾಸರ ಆಗಿರಬೇಕು.”

ಅವನು ನಕ್ಕು ಹಳ್ಳದ ದಂಡೆಗೆ ಹೋದ. ಮರುವರ್ಷ ಮತ್ತೊಂದು ತುಂಡು ಎಂದಾಗ ನಗಲಿಲ್ಲ. ರಾಶಿಯ ದಿನ ಅವನ ಪಾಲು ಅಳೆದುಕೊಟ್ಟು, ಒಂದು ಚೀಟಿ ಚಾಚಿ, ಕೂಲಿ ಮುಟ್ಟಿತು ಎಂದು ಬರೆದಿದೆ, ಹೆಬ್ಬೆಟ್ಟು ಒತ್ತು ಎಂದೆ.

“ಕೂಲಿ ಯಾವುದ್ರಿ? ಇದು ಪಾಲು ಅಲ್ಲೇನ್ರಿ?”

“ಹೆಸರಾಗ ಏನದ? ಕಾಳು ಅಷ್ಟೇ ಅದ ಇಲ್ಲೋ?”

“ಕಾಳು ಅಷ್ಟೇ ಅದ್ರಿ. ಕೊಡ್ರಿ, ದಸ್ತಖತ್ ಮಾಡ್ತೇನಿ. ಸಣ್ಣ ಸಾವ್ಕಾರ್ರು ಕಲಿಸ್ಯಾರ.”

“ಹೆಬ್ಬೆಟ್ಟು ಸಾಕು.”

ಸಹಿ ಮಾಡಬಲ್ಲವನು ಬರಿಯ ಕೂಲಿಯವನಾಗಿರಲಾರ ಎಂದು ನಾಳೆ ಕಚೇರಿಯಲ್ಲಿ ಯಾರಾದರೂ ಅಂದುಕೊಂಡಾರು ಎಂಬ ಹೆದರಿಕೆ ನನಗೆ. ಅವನು ಹೆಬ್ಬೆಟ್ಟು ಒತ್ತಿದ. ಆಮೇಲೆ ಆ ಬೆರಳನ್ನು ಮಣ್ಣಿಗೆ ಉಜ್ಜುತ್ತ ತುಂಬ ಹೊತ್ತು ಅಲ್ಲೇ ಕುಳಿತಿದ್ದ.

ತಮ್ಮ ಎರಡನೆಯ ಸಲ ಜಾವಾಕ್ಕೆ ಹೊರಟ. ಈ ಸಲ ಮೂರು ವರ್ಷದ ಮಾತು, ಬಂದ ಮೇಲೆ ದೊಡ್ಡ ಪ್ರಬಂಧ ಬರೆದು ಡಾಕ್ಟರ್ ಆಗುವವನಿದ್ದ. ಹೋಗುವ ಮೊದಲು ನಾನು ಹೊಲದಲ್ಲಿ ಅವನ ಹಿಸ್ಸೆಯ ವಹಿವಾಟನ್ನು ಅವನ ಪರವಾಗಿ ಮಾಡಲು ಮುಖತ್ಯಾರ ಪತ್ರ ಬೇಕು ಎಂದೆ. ಬರೆದುಕೊಟ್ಟ. ನಾಲ್ಕು ಖಾಲಿ ಕಾಗದ ಇಟ್ಟು, ಏನಾದರೂ ಬೇಕಾದೀತು ಎಂದೆ. ನಮ್ಮಲ್ಲಿ ದೂರ ಹೋಗುವವರು ಮನೆಯ ಹಿರಿಯನ ಕೈಗೆ ಖಾಲಿ ಕಾಗದಕ್ಕೆ ಸಹಿ ಮಾಡಿಕೊಟ್ಟು ಹೋಗುವುದು ವಾಡಿಕೆ. ಮಾಡಿಕೊಡದಿದ್ದರೆ ಅಣ್ಣನ ಮೇಲೆ ನಂಬಿಕೆ ಇಲ್ಲ ಎಂದಂತೆ. ನಾಲ್ಕಕ್ಕೂ ಸಹಿ ಹಾಕಿದ. ಕಾಗದದ ಮೇಲೆ ಕಣ್ಣೂ ಇರಲಿಲ್ಲ, ಯಾವುದೋ ಹಡಗಿನ ಮಾತು ಹೇಳುತ್ತಿದ್ದ.

ಅವನು ಅಲ್ಲಿದ್ದಾಗ ಇಲ್ಲಿ ಕಾಯ್ದೆ ಬಂತು. ಪಾಲಿಗೆ ಮಾಡುವ ಹೊಲವೆಲ್ಲ ಮಾಡುವವನದು, ಅರ್ಜಿ ಹಾಕಿ ಕೇಳಬೇಕು. ಹುಡಗಿಯಲ್ಲಿ ಯಾರೋ ಓದಿದವರು ಪಾಲಿನವನ ಅರ್ಜಿ ಬರೆದುಕೊಟ್ಟರು. ಹಾಕುವ ಮೊದಲು ಅವನು ಬಸವಕಲ್ಯಾಣದ ಬಸ್ಸು ಹತ್ತಿ ನಮ್ಮ ಮನೆಗೆ ಬಂದ, ಅರ್ಜಿಯನ್ನು ನನಗೆ ತೋರಿಸಲು.

“ನಿಮ್ಮನ್ನ ಕೇಳದ ಹಾಕೂದು ಸರಿ ಅಲ್ರಿ. ನಿಮ್ಮ ಉಳಿದ ಹೊಲ ನಿಮಗಿರಲಿ. ಬೇವಿನ ಗಿಡದ ತುಂಡು ಅಷ್ಟೇ ಕೇಳೇನಿ.”

ಅಂಗಳದಲ್ಲಿ ನಿಂತೇ ಇದ್ದ. ಅವನು ಕೇಳಿದ್ದು ನಾಲ್ಕು ಎಕರೆ. ನಾನು ಹೂಂ ಎಂದಿದ್ದರೆ ನನಗೂ ನನ್ನ ಮಕ್ಕಳಿಗೂ ಊಟಕ್ಕೆ ಏನೂ ಕಡಿಮೆ ಆಗುತ್ತಿರಲಿಲ್ಲ. “ಹಾಕು, ನೋಡೋಣ” ಎಂದೆ.

ಅವನು ಹೋದ ಮೇಲೆ ಒಂದು ಖಾಲಿ ಕಾಗದ ತೆಗೆದುಕೊಂಡು ಹುಮನಾಬಾದಿಗೆ ಹೋಗಿ ಅರ್ಜಿ ಬರೆಯುವವನ ಕೈಯಲ್ಲಿ ತಮ್ಮನ ಹೇಳಿಕೆ ಎಂದು ತುಂಬಿಸಿದೆ. ಬೇವಿನ ಗಿಡದ ತುಂಡು ನನ್ನ ಹಿಸ್ಸೆಗೆ ಬಂದದ್ದು, ಅದನ್ನು ನಾನೇ ಖುದ್ದು ಸಾಗುವಳಿ ಮಾಡುತ್ತ ಬಂದಿದ್ದೇನೆ, ಅರ್ಜಿದಾರನು ನನ್ನಲ್ಲಿ ಕೂಲಿಗೆ ದುಡಿದವನು, ಆರೋಗ್ಯ ಸರಿ ಇಲ್ಲದ ಕಾರಣ ನನ್ನ ಅಣ್ಣ ಹಾಜರಾಗುತ್ತಾನೆ. ಕೆಳಗೆ ತಮ್ಮನ ಸಹಿ.

ಅರ್ಜಿ ವಿಚಾರಿಸುವ ಭೂ ನ್ಯಾಯ ಮಂಡಳಿಯ ಮುಂದೆ ವಕೀಲರಿಗೆ ಅವಕಾಶ ಇರಲಿಲ್ಲ, ನಮ್ಮ ಮಾತು ನಾವೇ ಆಡಬೇಕು. ಪಹಣಿಯಲ್ಲಿ ಮೂರು ವರ್ಷ ಆ ತುಂಡಿನ ಮೇಲೆ ಅವನ ಹೆಸರು ಇರಲಿಲ್ಲ. ಚೀಟಿಯ ಮೇಲೆ ಹೆಬ್ಬೆಟ್ಟು ಇತ್ತು. ನಿನ್ನ ಕಡೆ ಏನು ಪುರಾವೆ ಇದೆ ಎಂದು ಅವನನ್ನು ಕೇಳಿದರು.

“ಎಳ್ಳಮಾಸಿಗಿ ಚರಗ ನಾನೇ ಚೆಲ್ಲೇನ್ರಿ. ನಮ್ಮಪ್ಪ ಚೆಲ್ಲ್ಯಾನ. ಯಾರರೆ ತಮ್ಮದಲ್ಲದ ಹೊಲದಾಗ ಚರಗ ಚೆಲ್ಲತಾರೇನ್ರಿ? ಇವರನ್ನೇ ಕೇಳ್ರಿ.”

ಎಲ್ಲರೂ ನನ್ನ ಕಡೆ ನೋಡಿದರು. ನಾನು ಸುಮ್ಮನಿದ್ದರೂ ಆಗುತ್ತಿತ್ತು.

“ಚರಗಕ್ಕ ರಸೀದಿ ಅದೇನು?” ಎಂದೆ.

ಹಿಂದೆ ನಿಂತ ನಾಲ್ಕೈದು ಮಂದಿ ಹೊಲದೊಡೆಯರು ನಕ್ಕರು. ಹೊರಗೆ ಹೋಗಿ ಆ ಮಾತನ್ನು ಅವರು ಪೇಟೆಯಲ್ಲೆಲ್ಲ ಹೇಳಿಕೊಂಡು ತಿರುಗಿದರು. ನನಗೂ ಆ ದಿನ ಅದು ಒಳ್ಳೆಯ ಮಾತು ಎಂದೇ ಅನಿಸಿತ್ತು.

ಪಾಲಿನವನು ನಗುವವರ ಕಡೆ ನೋಡಲಿಲ್ಲ. “ಸಣ್ಣ ಸಾವ್ಕಾರ್ರಿಗಿ ಕರೀರಿ. ನನ್ನ ಹಿಂದ ತಂಬಿಗಿ ಹಿಡದವರು ಅವರು. ಅವರು ಇಲ್ಲ ಅಂದರ ನಾ ಈಗೇ ಎದ್ದು ಹೋಗತೀನಿ” ಎಂದ. ಆಗ ಆ ಕಾಗದವನ್ನು ಓದಿ ಹೇಳಿದರು. ಅವನು ಹತ್ತಿರ ಹೋಗಿ ಸಹಿ ನೋಡಬೇಕೆಂದ. ತೋರಿಸಿದರು. ಪಾಟಿಯ ಮೇಲೆ ತನಗೆ ಸಹಿ ಕಲಿಸಿದವನ ಸಹಿ ಅವನಿಗೆ ಗುರುತಿರದೇ? “ಅವರದೇ ಅದ್ರಿ” ಎಂದ. ಹೇಳಿದಂತೆಯೇ ಎದ್ದು ಹೋದ.

ಅರ್ಜಿ ವಜಾ ಆಯಿತು. ಆ ವರ್ಷವೇ ಅವನನ್ನು ಹೊಲ ಬಿಡಿಸಿದೆ. ಅವನು ಹುಡಗಿ ಬಿಟ್ಟು ಹುಮನಾಬಾದಿಗೆ ಬಂದು ಬೇಳೆಯ ಗಿರಣಿಯೊಂದರಲ್ಲಿ ಚೀಲ ಹೊರಲು ನಿಂತ. ಕೂಲಿಯವನು ಎಂದು ನಾನು ಕಾಗದದಲ್ಲಿ ಬರೆಸಿದ್ದೆ. ಈಗ ನಿಜವಾಗಿಯೂ ಕೂಲಿಯವನಾದ.

ತಮ್ಮನ ಪತ್ರ ಎರಡು ತಿಂಗಳಿಗೊಮ್ಮೆ ಬರುತ್ತಿತ್ತು. ನಮ್ಮ ಕಡೆ ಕಾಯ್ದೆ ಬಂದದ್ದನ್ನು ಅಲ್ಲಿಯ ಗ್ರಂಥಾಲಯದ ಹಳೆಯ ಪತ್ರಿಕೆಯಲ್ಲಿ ಓದಿದ್ದ. ‘ಕಾಕಾನಿಗೆ ಬೇವಿನ ಮರದ ಹೊಲ ಬಂತೇ? ನನ್ನ ಹಿಸ್ಸೆಯಲ್ಲಿದ್ದರೆ ನನ್ನ ಒಪ್ಪಿಗೆ ಇದೆ ಎಂದು ಹೇಳು. ಇಲ್ಲಿ ನಾನು ದಿನವೂ ಕೇಳುವುದು ಇಂಥ ಹೊಲ ಕಳೆದುಕೊಂಡವರ ಕತೆ. ಒಂದು ಕಡೆಯಾದರೂ ಕಾನೂನು ಮುಟ್ಟಿತು ಎಂದು ಕೊನೆಯ ಅಧ್ಯಾಯದಲ್ಲಿ ನಮ್ಮೂರಿನ ಮಾತು ಬರೆಯಬೇಕೆಂದಿದ್ದೇನೆ.’ ಆ ಪತ್ರವನ್ನು ನಾನು ಮೂರು ಸಲ ಓದಿದೆ. ಆಮೇಲೆ ‘ಇಲ್ಲಿ ಎಲ್ಲ ಸೌಖ್ಯ. ಕಾಕಾ ಆರಾಮ ಇದ್ದಾನೆ. ಹೊಲದ ಕೆಲಸ ಆಗಿದೆ’ ಎಂದು ಬರೆದು ಹಾಕಿದೆ.

ಇಷ್ಟಕ್ಕೇ ಬಿಡಲಿಲ್ಲ. ತಮ್ಮ ಬಂದು ಹೊಲವನ್ನು ಪಾಲಿನವನಿಗೆ ಕೊಟ್ಟುಬಿಟ್ಟಾನು ಎಂದು ಮುಖತ್ಯಾರ ಪತ್ರದ ಬಲದಿಂದ ಆ ತುಂಡನ್ನು ನನ್ನ ಹೆಂಡತಿಯ ಹೆಸರಿಗೆ ಮಾಡಿಸಿದೆ.

ಅವನು ಬಂದದ್ದು ಚಳಿಗಾಲದಲ್ಲಿ. ದೆಹಲಿಯಲ್ಲಿ ಅವನಿಗೆ ಕಲಿಸುವ ಕೆಲಸ ಸಿಕ್ಕಿತ್ತು, ಕಾಯಂ ಆಗುವುದಿತ್ತು. ನನಗೆ ಹೂವಿನ ಚಿತ್ರದ ಬಟ್ಟೆ, ಕಾಕಾನಿಗೆ ಒಂದು ಕತ್ತಿ ತಂದಿದ್ದ. ಅಂಗೈಯೊಳಗೆ ಅಡಗುವಷ್ಟು ಸಣ್ಣದು, ಮರದ ತುಂಡಿಗೆ ಕೂರಿಸಿದ ಅಲಗು. ಜಾವಾದಲ್ಲಿ ಹೆಂಗಸರು ಅದರಿಂದ ಒಂದೊಂದೇ ತೆನೆ ಕೊಯ್ಯುತ್ತಾರಂತೆ. ಒಂದೊಂದೇ ಕೊಯ್ದರೆ ಹೆಚ್ಚು ಕೈ ಬೇಕು, ಹೆಚ್ಚು ಕೈ ಎಂದರೆ ಊರಿನ ಬಡವರೆಲ್ಲರಿಗೂ ಬೆಳೆಯಲ್ಲಿ ಸ್ವಲ್ಪ ಪಾಲು. ಈಗ ಹೊಲದವರು ಅದನ್ನು ಬಿಟ್ಟು ಕುಡುಗೋಲು ತಂದಿದ್ದಾರೆ, ಕೈಗಳು ಕಡಿಮೆಯಾಗಲಿ ಎಂದು. ಅವನು ಇದನ್ನೆಲ್ಲ ಹೇಳುತ್ತಿದ್ದಾಗ ನಾನು ಹುಡಗಿಗೆ ನಾಳೆ ಹೋಗು, ನಾಡಿದ್ದು ಹೋಗು ಎಂದು ತಡೆದೆ. ಎರಡು ದಿನ ನಿಂತ. ಮೂರನೆಯ ದಿನ ನಾನು ಏಳುವ ಮೊದಲೇ ಬಸ್ಸು ಹತ್ತಿದ್ದ.

ಸಂಜೆ ಬಂದ. ಹುಡಗಿಗೆ ಹೋಗಿ, ಅಲ್ಲಿ ಕೇಳಿ, ಹುಮನಾಬಾದಿನ ಗಿರಣಿ ಹುಡುಕಿ ಪಾಲಿನವನನ್ನು ಕಂಡಿದ್ದ. ಕತ್ತಿ ಅವನ ಕೈಯಲ್ಲೇ ಇತ್ತು. ಅದನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟ.

“ಒಲ್ಲೆ ಅಂದ. ‘ಕೊಯ್ಯಾಕ ನನ್ನ ಬೆಳಿ ಎಲ್ಲದ್ರಿ’ ಅಂದ. ಒಳಗ ಬಾ, ಕೂಡು ಅನಲಿಲ್ಲ. ‘ನೀವೇ ದಸ್ತಖತ್ ಮಾಡೀರಲ್ರಿ’ ಅಂದ.”

ನಾನು ಕತ್ತಿಯನ್ನು ನೋಡುತ್ತಿದ್ದೆ.

“ನಾ ಮಾಡಿಲ್ಲ ಅಂತ ಹೇಳಾಕೂ ನನಗ ಬರಲಿಲ್ಲ ಅಣ್ಣಾ. ಮಾಡೇನಿ. ಖಾಲಿ ಕಾಗದಕ್ಕ ಮಾಡಿಕೊಟ್ಟೇನಿ.” ನನ್ನ ಕಡೆ ತಿರುಗಿ ಕೇಳಿದ. “ತುಂಡು ಬದಲ್ ಮಾಡಿಸೀದಿ. ಕೂಲಿ ಅಂತ ಬರಸೀದಿ. ಹೊರಗಿರಾವನ ಹೆಸರಿಲೆ ಖುದ್ದು ಸಾಗುವಳಿ ಅಂದೀದಿ. ಇದೆಲ್ಲ ನಿನಗ ಯಾರು ಹೇಳಿಕೊಟ್ಟರು?”

“ನೀನೇ” ಎಂದೆ. “ಇದೇ ಕಟ್ಟಿ ಮ್ಯಾಲ ಕೂತು.”

ಅದನ್ನು ಹೇಳುವಾಗ ನನಗೆ ಒಳಗೆ ಒಂದು ಬಗೆಯ ಸುಖ ಇತ್ತು. ಒಂದನೇ ಇಯತ್ತೆಯಲ್ಲಿ ಅವನ ಪಕ್ಕ ಕೂತ ಮೂರು ದಿನದ ಲೆಕ್ಕ ತೀರಿದಂಥ ಸುಖ. ಅವನ ಮುಖ ನೋಡಿದರೆ ಯಾರಾದರೂ ಬಾಯಿ ಮುಚ್ಚಬೇಕಾಗಿತ್ತು. ನಾನು ಮುಂದುವರಿಸಿದೆ. “ಅಲ್ಲಿ ಮಂದಿ ಮಾಡಿದರ ನೀ ಅದನ್ನ ಬರದು ಡಾಕ್ಟರ್ ಆಗತಿ. ಇಲ್ಲಿ ಅಣ್ಣ ಮಾಡಿದರ ತಪ್ಪು?”

“ನಾಳೆ ಕಚೇರಿಗಿ ಹೋಗಿ ಹೇಳತೇನಿ. ಆ ಹೇಳಿಕಿ ಸುಳ್ಳು ಅಂತ ಬರಕೊಡತೇನಿ.”

“ಹೇಳು. ದಸ್ತಖತ್ ಯಾರದು? ಸುಳ್ಳು ಹೇಳಿಕಿ ಕೊಟ್ಟಾವ ನೀನು, ನಾ ಅಲ್ಲ. ಕಾಯಂ ಆಗೂ ಮೊದಲೇ ನೌಕರಿ ಹೋಗತದ. ಬ್ಯಾರೆ ದೇಶದ ರೈತರ ಬಗ್ಗೆ ಬರಿಯಾವ ತನ್ನ ಊರಾಗ ಹಿಂಗ ಮಾಡ್ಯಾನ ಅಂತ ಪೇಪರಿನಾಗ ಬರತದ.”

“ಹೊಲ ನನ್ನ ಹೆಸರಿಲೆ ಅದ ಅಲ್ಲೇನು? ನಾ ಅವರಿಗಿ ಬರಕೊಡತೇನಿ.”

“ನಿನ್ನ ಹೆಸರಿಲೆ ಇಲ್ಲ. ನಿಮ್ಮ ವೈನಿ ಹೆಸರಿಗಿ ಆಗ್ಯದ.”

“ಇದೂ ನಾನೇ ಹೇಳಿದ್ದೇನು?”

“ಹೌದು. ಹೆಂಡತಿ ಹೆಸರಿಗಿ ಅಂತ ನೀನೇ ಹೇಳಿದ್ದಿ.”

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡಿ ಎಲ್ಲ ಮುಗಿದುಹೋಗುತ್ತಿತ್ತೋ ಏನೋ. ಒಳಗೆ ಹೋಗಿ ಚೀಲ ಕಟ್ಟಿಕೊಂಡ. ಮರುದಿನ ಬಸ್ಸಿಗೆ ಹೊರಟ. ಹುಮನಾಬಾದಿನಲ್ಲಿ ಇಳಿದು ಕಚೇರಿಗೆ ಹೋಗಿರುತ್ತಾನೆ, ನೋಟೀಸು ಬರುತ್ತದೆ ಎಂದು ಮುಂದಿನ ವಾರವೆಲ್ಲ ಅಂಚೆಯವನ ದಾರಿ ನೋಡಿದೆ. ಅವನು ಹೋಗಲಿಲ್ಲ. ನೌಕರಿಯ ಮಾತು ತಗುಲಿತ್ತು. ಅದು ತಗುಲುತ್ತದೆ ಎಂದು ಗೊತ್ತಿದ್ದೇ ಆಡಿದ್ದೆ. ಇವತ್ತಿಗೂ ನನಗೆ ಅವನ ಮೇಲೆ ಒಂದು ಸಿಟ್ಟು ಇದೆ, ಅಂದು ಯಾಕೆ ಹೋಗಲಿಲ್ಲ ಎಂದು. ಹೋಗಿದ್ದರೆ ನಾನು ಉಳಿಯುತ್ತಿದ್ದೆ. ಹೀಗೆ ನನ್ನ ಪಾಪವನ್ನು ಅವನ ತಲೆಗೆ ಕಟ್ಟುವ ಬುದ್ಧಿ ಇನ್ನೂ ಹೋಗಿಲ್ಲ.

ಅವನ ಪ್ರಬಂಧ ಎರಡು ವರ್ಷ ತಡವಾಯಿತು. ಆಮೇಲೆ ಪುಸ್ತಕವಾಗಿ ಬಂದು ನನಗೂ ಒಂದು ಪ್ರತಿ ಕಳಿಸಿದ, ಜೊತೆಗೆ ಪತ್ರ ಇರಲಿಲ್ಲ. ಇಂಗ್ಲಿಷು. ಹುಮನಾಬಾದಿನ ಕಾಲೇಜಿನಲ್ಲಿ ಕಲಿಸುವ ಒಬ್ಬರ ಹತ್ತಿರ ಒಯ್ದು, ಒಳಗೆ ಏನಿದೆ ಹೇಳಿ ಎಂದೆ. ಅವರು ಅಧ್ಯಾಯಗಳ ಹೆಸರು ಓದಿ ಹೇಳಿದರು. ಜಿಲ್ಲಾ ಅಧಿಕಾರಿಗಳ ನೇಮಕ, ಯೋಜನೆಗಳ ಖರ್ಚು, ಸಮಿತಿಗಳು, ರಾಜಧಾನಿಯ ಕಚೇರಿಗಳು.

“ಭೂಮಿ ಬಗ್ಗೆ ಏನರೆ ಅದೇನ್ರಿ? ಹಳ್ಳಿ, ಪಾಲಿನವರು?”

ಅವರು ಹಿಂದಿನ ಪುಟಗಳಲ್ಲಿ ಬೆರಳಾಡಿಸಿ ಹುಡುಕಿದರು. “ಇಲ್ರಿ. ಇದು ಆಡಳಿತದ ಪುಸ್ತಕ. ಭಾಳ ಅಭ್ಯಾಸ ಮಾಡಿ ಬರದಾರ. ನಿಮಗ ಹೆಮ್ಮಿ ಆಗಬೇಕು.”

ನಾಲ್ಕು ವರ್ಷ ಜಾವಾದ ಕೆಸರು ತುಳಿದು, ಎದ್ದು ಒಳಗೆ ಹೋಗುತ್ತಿದ್ದ ಜನರ ಬಾಯಿಂದ ಅವನು ಕೇಳಿ ತಂದದ್ದು ಏನಾಯಿತೋ ನನಗೆ ತಿಳಿಯದು. ಹರಿದು ಹಾಕಿದನೋ, ಯಾವ ಪೆಟ್ಟಿಗೆಯಲ್ಲಿ ಇಟ್ಟನೋ. ಆಮೇಲೆ ಬಂದ ಎರಡು ಪುಸ್ತಕಗಳೂ ಕಚೇರಿಗಳ ಬಗ್ಗೆಯೇ. ಆ ದೇಶಕ್ಕೆ ಈಗಲೂ ಹೋಗುತ್ತಾನೆ, ರಾಜಧಾನಿಯಲ್ಲಿ ಇಳಿದು ಸಭೆ ಮುಗಿಸಿ ಬರುತ್ತಾನೆ ಎಂದು ಅವನ ಹೆಂಡತಿಯ ಕಾಗದದಿಂದ ತಿಳಿಯಿತು. ಬಸವಕಲ್ಯಾಣಕ್ಕೆ ಅವನು ಅವ್ವನ ಮಣ್ಣಿಗೆ ಬಂದ, ಮೂರು ದಿನ ಇದ್ದ, ಕಟ್ಟೆಯ ಮೇಲೆ ಕೂಡಲಿಲ್ಲ.

ಹೋದ ವರ್ಷ ಹುಮನಾಬಾದಿನಲ್ಲಿ, ಮಾಣಿಕನಗರಕ್ಕೆ ಹೋಗುವ ದಾರಿಯ ಚಹದ ಅಂಗಡಿಯ ಮುಂದೆ ಪಾಲಿನವನು ಕೂತಿದ್ದ. ನಾನು ದಾಟಿ ಹೋಗುತ್ತಿದ್ದೆ, ಅವನೇ ಕರೆದ. ಬೆನ್ನು ಬಾಗಿದೆ, ಚೀಲ ಹೊರುವುದು ಬಿಟ್ಟಿದ್ದಾನೆ. ಸಾವ್ಕಾರ್ರ ಎನ್ನಲಿಲ್ಲ.

“ಸಣ್ಣವರು ಹ್ಯಾಂಗಿದಾರ್ರಿ?”

“ಆರಾಮ ಇದಾನ. ಪ್ರೊಫೆಸರ್ ಆಗ್ಯಾನ.”

“ಅಂದರ?”

“ದೊಡ್ಡ ಮಾಸ್ತರ.”

“ಆಗಲಿ ಬಿಡ್ರಿ. ಕಲಿಸಾಕ ಅವರಿಗಿ ಮದಲಿಂದ ಛಲೋ ಬರತದ.” ತನ್ನ ಬಲಗೈಯ ಬೆರಳುಗಳನ್ನು ನೋಡಿಕೊಂಡ. “ಈಗ ಏನ್ ಕಲಿಸ್ತಾರ್ರಿ?”

ನಾನು ಬಸ್ಸಿನ ಹೊತ್ತಾಯಿತು ಎಂದು ಹೇಳಿ ಬಂದುಬಿಟ್ಟೆ.

ಬಸ್ಸು ಹತ್ತಲಿಲ್ಲ. ಕಚೇರಿಯ ಹತ್ತಿರ ಕೂಡುವ ಅರ್ಜಿ ಬರೆಯುವವನ ಬಳಿ ಹೋದೆ, ಅಂದು ಖಾಲಿ ಕಾಗದ ತುಂಬಿಕೊಟ್ಟವನೇ. ಹಳೆಯ ಪ್ರಕರಣ ತೆಗೆಸಿ ಆ ತುಂಡನ್ನು ಪಾಲಿನವನ ಹೆಸರಿಗೆ ಮಾಡಿಸಲು ಬರುತ್ತದೆಯೇ ಎಂದು ಕೇಳಿದೆ.

“ಅದು ಯಾವಾಗೋ ಮುಗದದ್ರಿ. ಅರ್ಜಿ ವಾಯಿದೇನೂ ಹೋಗ್ಯದ. ಈಗ ಯಾರಿಂದನೂ ಆಗಂಗಿಲ್ಲ” ಎಂದ.

ನನಗೆ ಹಗುರವಾಯಿತು. ಎದೆಯ ಮೇಲಿನ ಕಲ್ಲು ತೆಗೆದಂತೆ ಆಯಿತು, ಸುಳ್ಳು ಹೇಳುವುದಿಲ್ಲ. ಎದ್ದು ನಿಂತೆ.

“ಖರೇನೇ ಕೊಡೂದಿದ್ದರ ಅದೆಲ್ಲ ಯಾಕ ಬೇಕ್ರಿ?” ಎಂದ ಅವನು, ಪೆನ್ನಿನ ಟೋಪಿ ತೆಗೆಯುತ್ತ. “ನಿಮ್ಮ ಮನಿಯವರ ಹೆಸರಿಲೆ ಅದ ಅಲ್ಲೇನ್ರಿ? ಬಕ್ಷೀಸ್ ಪತ್ರ ಬರದು ಒಂದು ದಸ್ತಖತ್ ಮಾಡಿದರ ಆತು. ನಾಳೆ ಕರಕೊಂಡು ಬರ್ರಿ, ಮಧ್ಯಾಹ್ನದೊಳಗ ಆಗತದ. ಬರೀಲೇನು?”

“ನಾ ಸುಮ್ಮ ಕೇಳಿದೆ” ಎಂದೆ.

ಅವನು ಟೋಪಿ ಮುಚ್ಚಿದ. ನಾನು ನಿಲ್ದಾಣಕ್ಕೆ ಬಂದು ಬಸವಕಲ್ಯಾಣದ ಬಸ್ಸು ಹತ್ತಿದೆ. ಅದಾಗಿ ಒಂದು ವರ್ಷವಾಯಿತು. ಬೇವಿನ ಗಿಡದ ತುಂಡಿನಲ್ಲಿ ಈ ಸಲವೂ ತೊಗರಿ ಹಾಕಿಸಿದ್ದೇನೆ, ಚೆನ್ನಾಗಿ ಬಂದಿದೆ. ಎಳ್ಳಮಾವಾಸ್ಯೆಗೆ ಅಲ್ಲಿ ಚರಗ ನಾನೇ ಚೆಲ್ಲುತ್ತೇನೆ. ಹಿಂದೆ ತಂಬಿಗೆ ಹಿಡಿಯುವವರು ಯಾರೂ ಇರುವುದಿಲ್ಲ, ನೀರನ್ನೂ ನಾನೇ ಹಾಕುತ್ತ ಹೋಗುತ್ತೇನೆ. ಹುಡಗಿಯ ಜನ ತಮ್ಮ ತಮ್ಮ ಹೊಲದಲ್ಲಿ ನಿಂತು ನೋಡುತ್ತಾರೆ.